ಮಾರಮ್ಮನ ಗುಳ್ಳೆ, ನಾಗಪ್ಪನ ಸುತ್ತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿ, ಒಲೆಯ ಮೇಲೆ ಒಗ್ಗರಣೆ ನಿಲ್ಲಿಸಿ, ಗುಣವಾದ ಮೇಲೆ ಮಾರಮ್ಮನಿಗೆ ತಂಪು ಮಾಡುತ್ತಿದ್ದರು. ಅದೇ ಮಗು ಬೆಳೆದು ಮುದಿಯಾಗುವ ಹೊತ್ತಿಗೆ ಸೊಂಟದ ಒಂದು ಮಗ್ಗುಲಲ್ಲಿ ಬೆಂಕಿಯಂತೆ ಉರಿಯುವ ಗುಳ್ಳೆಪಟ್ಟಿ ಕಾಣಿಸಿಕೊಂಡರೆ ಅದು ಸರ್ಪಸುತ್ತು. ಆಗ ಹರಕೆ ಹೋಗುತ್ತಿದ್ದದ್ದು ಅರಳಿಕಟ್ಟೆಯ ನಾಗರಕಲ್ಲಿಗೆ.

ಎರಡು ದೈವಗಳಿಗೆ ಹಂಚಿಹೋಗಿದ್ದದ್ದು ಒಂದೇ ವೈರಸ್.

ಅಮ್ಮನ ಹೆಸರಿನಲ್ಲಿ ನಿಜಕ್ಕೂ ಜೀವ ತೆಗೆಯುತ್ತಿದ್ದ ಸಿಡುಬು 1975ರಲ್ಲಿ ಭಾರತದಿಂದ ತೊಲಗಿತು. ನೀರುಗುಳ್ಳೆ ಮಾತ್ರ ಉಳಿಯಿತು. ಗುಳ್ಳೆ ಒಣಗಿದರೂ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾದಾಗಲೋ ಮೈ ಸೊರಗಿದಾಗಲೋ ಮತ್ತೆ ಏಳುತ್ತದೆ. ಇದನ್ನು 1965ರಲ್ಲಿ ವಿವರಿಸಿದ ಎಡ್ಗರ್ ಹೋಪ್-ಸಿಂಪ್ಸನ್ ಇಂಗ್ಲೆಂಡಿನ ಒಂದು ಸಣ್ಣ ಊರಿನ ವೈದ್ಯರು.

ಗುಳ್ಳೆಪಟ್ಟಿ ಸೊಂಟವನ್ನು ಪೂರ್ತಿ ಸುತ್ತಿ ಹಾವಿನ ತಲೆಗೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಎಂಬ ಭಯ ಎಲ್ಲರಲ್ಲೂ ಇತ್ತು. ದಕ್ಷಿಣ ಭಾರತದ ಹಲವೆಡೆ ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿಯುತ್ತಿದ್ದರು. ತಲೆ–ಬಾಲ ಕೂಡದೆ ಇದ್ದಾಗ ಕೆಮ್ಮಣ್ಣು ಗೆದ್ದಿತೆಂದು ನಂಬಿದವರನ್ನು ಹಳಿಯುವಂತಿಲ್ಲ. ಅವರು ಕಂಡದ್ದು ಸುಳ್ಳಲ್ಲ: ಒಂದೊಂದು ನರವೂ ದೇಹದ ಅರ್ಧಭಾಗಕ್ಕಷ್ಟೇ ಹೋಗುವುದರಿಂದ ಸುತ್ತು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ತಾನಾಗಿಯೇ ಒಣಗುತ್ತದೆ. ನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಬಿಡದು.

1980ರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಔಷಧಿ ಬಳಕೆಗೆ ಬಂದದ್ದೂ ಅದೇ ದಶಕದಲ್ಲಿ; ಅದರ ಹಿಂದಿದ್ದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಆದರೆ ಆಸ್ಪತ್ರೆಯ ಚೀಟಿಯಲ್ಲಿ ಸರ್ಪಸುತ್ತು ‘ಹರ್ಪಿಸ್ ಜೋಸ್ಟರ್’ ಆಯಿತು. ಜನನಾಂಗದ ಹರ್ಪಿಸ್‌ಗೂ ಅದೇ ಮಾತ್ರೆ, ಪ್ರಮಾಣವಷ್ಟೇ ಬೇರೆ. ನಾಗದೋಷದ ಅಂಜಿಕೆಯ ಜಾಗದಲ್ಲಿ ಮರ್ಯಾದೆಯ ಅಂಜಿಕೆ ಬಂದು ಕೂರಲು ಇಷ್ಟು ಸಾಕು.

ಈ ಅಂಜಿಕೆಗೆ ಆಧಾರವಿಲ್ಲ. ಜನನಾಂಗದ ಹರ್ಪಿಸ್ ತರುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಬೇರೆಯೇ ವೈರಸ್. ಅದು ಲೈಂಗಿಕ ಸಂಪರ್ಕದಿಂದ ಅಂಟಿ, ಅದೇ ಆಸುಪಾಸಿನಲ್ಲಿ ಮೇಲಿಂದ ಮೇಲೆ ಮರುಕಳಿಸುತ್ತದೆ. ಸರ್ಪಸುತ್ತು ಹಾಗೆ ಹೊರಗಿನಿಂದ ಬರುವುದಿಲ್ಲ; ಬಾಲ್ಯದ ಅಮ್ಮನದೇ ಉಳಿಕೆ ಅದು, ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆ ಬಂದು ಹೋಗುತ್ತದೆ. ಅಪರೂಪಕ್ಕೆ ತೊಡೆಸಂದಿಯಲ್ಲೂ, ಜನನಾಂಗದ ಒಂದು ಬದಿಯಲ್ಲೂ ಅದು ಎದ್ದೀತು. ಆಗ ಕಣ್ಣಂದಾಜು ಸಾಲದು, ಗುಳ್ಳೆಯ ದ್ರವದ ಪಿಸಿಆರ್ ಪರೀಕ್ಷೆಯೇ ಬೇಕು.

ನಾಚಿಕೆಯಾಗಲಿ ಕೆಮ್ಮಣ್ಣಾಗಲಿ ಕದಿಯುವುದು ಸಮಯವನ್ನು. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಮಾತ್ರೆ ಆರಂಭಿಸಿದರೆ ಹೆಚ್ಚಿನ ಫಲ. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಎದ್ದರೆ ದೃಷ್ಟಿಗೇ ಅಪಾಯವಿರುವುದರಿಂದ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.