ಟ್ರೆಂಟ್ ಮಹಾಸಭೆಯ ಏಳನೆಯ ವಿಧಿ

ವಿಚ್ಛೇದನವಾಗಿ ಮತ್ತೊಬ್ಬರ ಕೈಹಿಡಿದ ಕಥೋಲಿಕರು ಪರಮಪ್ರಸಾದವನ್ನು ಸ್ವೀಕರಿಸಬಹುದೇ ಎಂಬ ವಿವಾದವು ಪೋಪ್ ಫ್ರಾನ್ಸಿಸರ ಕಾಲದಲ್ಲಿ ಹುಟ್ಟಿದ ಹೊಸ ಮಾತೆಂದು ಬಗೆಯುವವರು, 1563ರಲ್ಲಿ ಆಲ್ಪ್ಸ್ ಪರ್ವತಗಳ ನಡುವಣ ಟ್ರೆಂಟ್ ನಗರದಲ್ಲಿ ನೆರೆದಿದ್ದ ಮಹಾಸಭೆಯ ಒಂದು ಪ್ರಸಂಗವನ್ನು ಅವಶ್ಯವಾಗಿ ನೆನೆಯಬೇಕು. ವ್ಯಭಿಚಾರದಿಂದ ವಿವಾಹಬಂಧನವು ಕಡಿಯುವುದೆಂದು ನುಡಿದವನು ಬಹಿಷ್ಕೃತನಾಗಲಿ ಎಂಬ ಕಠೋರವಾದ ಕರಡು ಸಭೆಯ ಮುಂದಿದ್ದಾಗ, ಆಗಸ್ಟ್ ತಿಂಗಳಿನಲ್ಲಿ ವೆನಿಸ್ ಗಣರಾಜ್ಯದ ರಾಯಭಾರಿಗಳು ಒಂದು ಬಿನ್ನಹವನ್ನು ಮಂಡಿಸಿದರು. ಕ್ರೀಟ್, ಸೈಪ್ರಸ್, ಕಾರ್ಫು ಮೊದಲಾದ ದ್ವೀಪಗಳು ಅಂದು ವೆನಿಸಿನ ಆಳ್ವಿಕೆಗೊಳಪಟ್ಟಿದ್ದುವು. ಅಲ್ಲಿನ ಗ್ರೀಕರು ವ್ಯಭಿಚಾರಿಣಿಯಾದ ಪತ್ನಿಯನ್ನು ತ್ಯಜಿಸಿ ಮರುವಿವಾಹವಾಗುವ ರೂಢಿಯನ್ನು ಪೂರ್ವಿಕರಿಂದ ಪಡೆದಿದ್ದರು. ಅದಕ್ಕಾಗಿ ಯಾವ ಮಹಾಸಭೆಯೂ ಅವರನ್ನು ಬಹಿಷ್ಕರಿಸಿರಲಿಲ್ಲವೆಂಬುದು ರಾಯಭಾರಿಗಳ ವಾದ. ಸಭೆ ಕಿವಿಗೊಟ್ಟಿತು. ನವೆಂಬರ್ 11ರಂದು ಅಂಗೀಕೃತವಾದ ಏಳನೆಯ ವಿಧಿಯಲ್ಲಿ, ಬಂಧನವು ಕಡಿಯದೆಂದು ಬೋಧಿಸುವ ಧರ್ಮಸಭೆಯು ತಪ್ಪುತ್ತಿದೆ ಎನ್ನುವವನಿಗೆ ಮಾತ್ರ ಬಹಿಷ್ಕಾರವು ಉಳಿಯಿತು. ಹಾಗೆ ವಾದಿಸುತ್ತಿದ್ದ ಲೂಥರನ ಪಕ್ಷದವರು ಅದಕ್ಕೆ ಗುರಿಯಾದರು, ತಮ್ಮ ಪಾಡಿಗೆ ರೂಢಿಯನ್ನು ನಡೆಸುತ್ತಿದ್ದ ಗ್ರೀಕರು ತಪ್ಪಿಸಿಕೊಂಡರು. ಸಿದ್ಧಾಂತವನ್ನು ಕೂದಲೆಳೆಯಷ್ಟೂ ಸಡಿಲಿಸದೆ, ಕಣ್ಣಿಗೆ ಕಾಣದ ದೂರದ ಸಂಸಾರಗಳನ್ನು ಲಕ್ಷ್ಯದಲ್ಲಿರಿಸಿಕೊಂಡು ಶಾಸನವನ್ನು ತಿದ್ದಿದ ಆ ಔದಾರ್ಯವು ನನಗೆ ಟ್ರೆಂಟ್ ಸಭೆಯ ಅತ್ಯಂತ ಮಾನ್ಯವಾದ ಕಾರ್ಯಗಳಲ್ಲೊಂದಾಗಿ ತೋರುತ್ತದೆ.

ಅನಂತರದ ಶತಮಾನಗಳು ಅಷ್ಟು ಮೃದುವಾಗಿರಲಿಲ್ಲ. 1884ರಲ್ಲಿ ಬಾಲ್ಟಿಮೋರಿನಲ್ಲಿ ಕೂಡಿದ ಅಮೆರಿಕದ ಧರ್ಮಾಧ್ಯಕ್ಷರು ಇಂತಹ ಮರುವಿವಾಹಕ್ಕೆ ಬಹಿಷ್ಕಾರವನ್ನೇ ವಿಧಿಸಿದರು. ಅದು ರದ್ದಾದುದು 1977ರಲ್ಲಿ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು, ಹೀಗೆ ಮರುವಿವಾಹವಾದವರು ಧರ್ಮಸಭೆಯಿಂದ ಬೇರ್ಪಟ್ಟವರಲ್ಲವೆಂದು ಸಾಂತ್ವನವನ್ನು ಹೇಳಿಯೂ, ಮಕ್ಕಳ ಪೋಷಣೆಗಾಗಿ ಅಗಲಲಾರದ ದಂಪತಿಗಳು ದಾಂಪತ್ಯಸುಖವನ್ನು ತೊರೆದು ಬಾಳಿದರೆ ಮಾತ್ರ ಪ್ರಸಾದಕ್ಕೆ ಅರ್ಹರೆಂದು ಕಟ್ಟು ಮಾಡಿದರು. ಭಾನುವಾರದ ಬಲಿಪೂಜೆಯಲ್ಲಿ ಬೆಂಚಿನವರೆಲ್ಲರೂ ಎದ್ದು ಪೀಠದೆಡೆಗೆ ಸಾಗುವಾಗ, ಮೊಣಕಾಲನ್ನು ಓರೆಮಾಡಿ ಅವರಿಗೆ ದಾರಿಬಿಟ್ಟು, ಮಕ್ಕಳನ್ನು ಮುಂದೆ ಕಳುಹಿಸಿ ತಾನೊಬ್ಬಳೇ ಕುಳಿತುಳಿಯುವ ತಾಯಿಯ ಪಾಲಿಗೆ ಈ ಕಟ್ಟು ಎಷ್ಟು ಭಾರವೆಂಬುದನ್ನು ಅಲ್ಲಗಳೆಯಲಾಗದು. 1993ರಲ್ಲಿ ಜರ್ಮನಿಯ ಮೂವರು ಧರ್ಮಾಧ್ಯಕ್ಷರು, ಅವರಲ್ಲೊಬ್ಬರು ವಾಲ್ಟರ್ ಕ್ಯಾಸ್ಪರ್, ಆತ್ಮಸಾಕ್ಷಿಯ ವಿಮರ್ಶೆಗೆ ಅವಕಾಶ ಬೇಕೆಂದು ಬರೆದರು. ಮರುವರ್ಷವೇ ವ್ಯಾಟಿಕನ್ನಿನಲ್ಲಿ ಸಿದ್ಧಾಂತದ ಹೊಣೆ ಹೊತ್ತಿದ್ದ ಕಾರ್ಡಿನಲ್ ರಾಟ್ಸಿಂಗರರ ಕಾರ್ಯಾಲಯವು ಅದನ್ನು ನಿರಾಕರಿಸಿತು.

ಇಪ್ಪತ್ತು ವರ್ಷಗಳ ಮೇಲೆ ಅದೇ ಕ್ಯಾಸ್ಪರರು ಪೋಪ್ ಫ್ರಾನ್ಸಿಸರ ಅಪೇಕ್ಷೆಯಂತೆ ಕಾರ್ಡಿನಲ್‌ಗಳ ಸಭೆಯಲ್ಲಿ ಆ ಪ್ರಶ್ನೆಯನ್ನು ಪುನಃ ಎತ್ತಿದರು. 2015ರಲ್ಲಿ ನಡೆದ ಧರ್ಮಾಧ್ಯಕ್ಷರ ಸಿನೊಡ್‌ನಲ್ಲಿ ಇಂತಹ ಕುಟುಂಬಗಳ ಸ್ಥಿತಿಯನ್ನು ಒಂದೊಂದಾಗಿ ವಿವೇಚಿಸಬೇಕೆಂಬ ಪರಿಚ್ಛೇದಕ್ಕೆ ಬೇಕಾಗಿದ್ದ ಮತಗಳು 177, ಬಿದ್ದವು 178. ಮರುವರ್ಷ ಹೊರಬಂದ ಪೋಪರ ಪ್ರಬೋಧನಪತ್ರ ‘ಅಮೊರಿಸ್ ಲೆತೀತ್ಸಿಯ’ದ 351ನೆಯ ಅಡಿಟಿಪ್ಪಣಿಯು ಕೆಲವು ಪ್ರಸಂಗಗಳಲ್ಲಿ ಸಂಸ್ಕಾರಗಳ ನೆರವೂ ಸಲ್ಲಬಹುದೆಂದಿತು. ಬರ್ಕ್, ಬ್ರಾಂಡ್‌ಮುಲ್ಲರ್, ಕಫಾರ್ರಾ, ಮೈಸ್ನರ್ ಎಂಬ ನಾಲ್ವರು ಕಾರ್ಡಿನಲ್‌ಗಳು ಹೌದು ಅಥವಾ ಅಲ್ಲ ಎಂಬ ಸ್ಪಷ್ಟೋತ್ತರವನ್ನು ಬೇಡಿದರು. ನಂಬಿಕೆಯ ಸಮಗ್ರತೆಗಾಗಿ ಅವರು ಪಟ್ಟ ಕಳವಳವನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಪೋಪರು ಅವರಿಗೆ ಉತ್ತರವನ್ನೀಯದೆ, ಗುರುವು ಆ ದಂಪತಿಗಳೊಡನೆ ಕುಳಿತು ಅವರ ಬಾಳನ್ನು ತಾಳ್ಮೆಯಿಂದ ಆಲಿಸಿ ವಿವೇಚಿಸಲೆಂದು ಬ್ಯೂನಸ್ ಐರಿಸ್ ಪ್ರಾಂತದ ಧರ್ಮಾಧ್ಯಕ್ಷರು ಬರೆದ, ತಾವು ಮೊದಲೇ ಒಪ್ಪಿದ್ದ ಮಾರ್ಗಸೂಚಿಯನ್ನು ವ್ಯಾಟಿಕನ್ನಿನ ಅಧಿಕೃತ ಶಾಸನಸಂಗ್ರಹದಲ್ಲಿಯೇ ಸೇರಿಸಿದರು.