ಅಂತಃಪುರದ ಕದ ತೆರೆಸಿದ ಕ್ಯಾಮೆರಾ

ಕೋಲ್ಕತ್ತದ ಬೆಹಾಲಾದಲ್ಲಿ ನೆಲೆಸಿರುವ ನನಗೆ ಇಲ್ಲಿನ ಹಳೆಯ ಮನೆಗಳಲ್ಲಿ ಹೆಂಗಸರ ಭಾವಚಿತ್ರ ಕಂಡಾಗಲೆಲ್ಲ ಒಂದೇ ಕುತೂಹಲ: ಇದನ್ನು ತೆಗೆದವರು ಯಾರು? ಈ ನಗರದಲ್ಲಿ 1856ರಲ್ಲೇ ಬಂಗಾಳದ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಆದರೆ ಪರದೆಯೊಳಗಿನ ಹೆಣ್ಣುಮಕ್ಕಳು ಪರಪುರುಷನ ಕ್ಯಾಮೆರಾ ಎದುರು ಕೂರುವಂತಿರಲಿಲ್ಲ.

ಆ ಹೊಸ್ತಿಲು ದಾಟಿದವರಲ್ಲಿ ಅನ್ನಪೂರ್ಣಾ ದತ್ತ (1894–1976) ಒಬ್ಬರು. ಹನ್ನೆರಡಕ್ಕೇ ಮದುವೆಯಾದ ಅವರು ಮುಂದೆ ಕ್ಯಾಮೆರಾವನ್ನೇ ಜೀವನೋಪಾಯ ಮಾಡಿಕೊಂಡರು. ಮನೆಮನೆಗೆ ಹೋಗಿ ಹೆಂಗಸರ ಚಿತ್ರ ತೆಗೆದು, ತಾವೇ ತೊಳೆದು ಪ್ರಿಂಟ್ ಹಾಕುತ್ತಿದ್ದರು. ಜನ ಅವರನ್ನು 'ಫೋಟೋ ಮಾಸಿಮಾ' ಎಂದು ಕರೆದರು. ನಮ್ಮಲ್ಲಾಗಿದ್ದರೆ 'ಫೋಟೋ ಚಿಕ್ಕಮ್ಮ' ಆಗುತ್ತಿದ್ದರು!

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಕೂಡ ಸಾಮಾನ್ಯರ ಮುಖಗಳಲ್ಲೇ ಬದುಕಿನ ಕಥೆ ಕಂಡವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಇಬ್ಬರ ಬಂಡವಾಳವೂ ಒಂದೇ, ಅಪರಿಚಿತರ ವಿಶ್ವಾಸ.

ಆದರೂ ಹಳೆಯ ಚಿತ್ರಗಳ ಎಷ್ಟೋ ಹೆಂಗಸರು ಇಂದು ಬರೀ 'ಯಾರದೋ ಹೆಂಡತಿ'. ಗೆಳತಿಯರೇ, ಮನೆಯ ಆಲ್ಬಮ್ ಹೊರತೆಗೆಯಿರಿ. ಹೇಳುವ ಹಿರಿಯರು ಇರುವಾಗಲೇ ಕೇಳಿ, ಪ್ರತಿ ಫೋಟೋದ ಹಿಂದೆ ಹೆಸರು, ಊರು, ವರ್ಷ ಬರೆದಿಡಿ. ಮುಖ ಉಳಿದು ಹೆಸರು ಅಳಿದರೆ ಕಥೆಯೂ ಹೋದಂತೆಯೇ.