ನೀಲಿ ಸೀಗಡಿ, ಗಾಜಿನ ತೊಟ್ಟಿ, ನಮ್ಮೂರ ಕೆರೆ

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳಾಗಿತ್ತು, ಕ್ಷಮಿಸಿ. ಕಾರಣ ಹೇಳಿದರೆ ನಗ್ತೀರ. ಚಿನಕುರಳಿಯ ನಮ್ಮ ಮನೇಲಿ ಈಗ ಒಂದು ಕ್ರೇಫಿಶ್ ಇದೆ! ಸೀಗಡಿಯ ಮೈ, ಏಡಿಯ ಹಾಗೆ ಇಕ್ಕಳದಂಥ ಎರಡು ಕೈ, ಬಣ್ಣ ಮಾತ್ರ ನೀಲಿ. ಮಗಳು ಪಟ್ಟಣದ ಅಂಗಡಿಯೊಂದರಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದಳು. ಯಾವ ಜಾತಿ, ಯಾವ ದೇಶದ್ದು ಅಂದರೆ ಅಂಗಡಿಯವನು "ಬ್ಲೂ ಲಾಬ್‌ಸ್ಟರ್ ಸಾರ್" ಅಂದು ಮುಗಿಸಿದನಂತೆ.

ಅಮ್ಮ ನೋಡಿ, "ಇದ್ಕೆ ಗಾಜಿನ ಮನೆ ಬೇರೆ ಕೇಡು. ಗದ್ದೆ ಬದೀಲಿ ಬಿದ್ದಿರ್ತವಲ್ಲ" ಅಂದರು. ಅವರ ತಪ್ಪಿಲ್ಲ. ನಾವು ಹುಡುಗರಾಗಿದ್ದಾಗ ಬದುವಿನ ಬಿಲಕ್ಕೆ ಕೈ ಹಾಕಿ, ಕಚ್ಚಿಸಿಕೊಂಡು, ಏಡಿ ಹಿಡಿದು ತಂದವರೇ. ನೆಗಡಿ ಬಂದರೆ ಏಡಿ ಸಾರೇ ಔಷಧಿ. ಆದರೆ ಅಮ್ಮನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇದು ನಿಜವಾಗಿ ನಮ್ಮ ಗದ್ದೆಯದ್ದಾ? ಗಾಜಿನ ತೊಟ್ಟಿ ಅನ್ನೋದು ನಮಗೆ ಯಾವಾಗ ಬಂತು? ತೊಟ್ಟಿ ಕಟ್ಟುತ್ತಾ ಕಟ್ಟುತ್ತಾ ಓದಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೀನು ನೋಡುವ ಖುಷಿ ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಭಾಗ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗೆ ಹಾಕಬೇಕು, ಎಲ್ಲ ಇದೆ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕದೆ ಬಂದವರು ಯಾರಿದ್ದೀರಿ ಹೇಳಿ? ಆದರೆ ಇಲ್ಲೆಲ್ಲ ಮೀನು ಇರುವುದು ಅದರದೇ ನೀರಿನಲ್ಲಿ. ಮೀನಿದ್ದಲ್ಲಿಗೆ ನಾವು ಹೋಗಬೇಕು.

ಮೀನನ್ನೇ ನಾವಿದ್ದಲ್ಲಿಗೆ ತಂದದ್ದು ಗಾಜು. ಸಿಸಿಲಿಯಲ್ಲಿದ್ದ ಫ್ರೆಂಚ್ ಹೆಂಗಸು ಜೀನ್ ವಿಲ್‌ಪ್ರೂ ಪವರ್ 1832ರ ಹೊತ್ತಿಗೆ ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅಧ್ಯಯನ ಮಾಡುತ್ತಿದ್ದಳು. ಅದಕ್ಕೂ ಸ್ವಲ್ಪ ಮೊದಲು, 1829ರಲ್ಲಿ, ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಮುಚ್ಚಿದ ಬಾಟಲಿಯ ಮಣ್ಣಿನಲ್ಲಿ ಜರೀಗಿಡ ತಾನಾಗಿ ಬೆಳೆದದ್ದನ್ನು ಕಂಡ. ಅದರಿಂದ ಹುಟ್ಟಿದ 'ವಾರ್ಡ್ ಪೆಟ್ಟಿಗೆ'ಗಳಲ್ಲೇ ಚೀನಾದ ಚಹಾ ಗಿಡಗಳು ಹಡಗು ಹತ್ತಿ ಭಾರತಕ್ಕೆ ಬಂದವು. ಅಂದರೆ ಈ ಗಾಜಿನ ಪೆಟ್ಟಿಗೆ ಶುರುವಿನಿಂದಲೂ ಬರೀ ಅಲಂಕಾರದ್ದಲ್ಲ, ಜೀವಗಳನ್ನು ಊರಿಂದೂರಿಗೆ ಸಾಗಿಸುವ ಗಾಡಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ಹೋಯಿತು, ಗಾಜು ಅಗ್ಗವಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಎರಡು ಚಿನ್ನದ ಮೀನು, ನೀರುಗಿಡ, ಕೊಳೆ ತಿನ್ನಲು ಬಸವನಹುಳು ಒಟ್ಟಿಗೆ ಬಿಟ್ಟು, ದಿನಾ ನೀರು ಬದಲಿಸದೆ ಮೀನು ಬದುಕುವುದನ್ನು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ಬರೆದ, ಹೆಸರು ಮನೆಮಾತಾಯಿತು. ನಮ್ಮ ಕಡೆಯವರಿಗೆ ಅಕ್ವೇರಿಯಂ ಅಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನದು. ಅದು ಶುರುವಾದದ್ದು 1983ರಲ್ಲಿ.

ವಾರಿಂಗ್‌ಟನ್‌ಗೆ ಗೊತ್ತಿರದ ಒಂದು ಗುಟ್ಟಿತ್ತು. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಪಳಗಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ರಷ್ಯಾದ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಅವನ್ನು ಬೇರ್ಪಡಿಸಿ ತೋರಿಸಿದ. ಹಾಗಾಗಿ ನಾವೂ ತೊಟ್ಟಿ ಕಟ್ಟಿ, ಸ್ಪಾಂಜ್ ಫಿಲ್ಟರ್ ಹಾಕಿ, ಸುಮಾರು ಒಂದು ತಿಂಗಳು ಅದು 'ಹದ'ವಾಗಲು ಬಿಟ್ಟೆವು. ಸೀಗಡಿ ಅಷ್ಟು ದಿನ ದೊಡ್ಡ ಟಬ್ಬಿನಲ್ಲಿತ್ತು, ಒಂದು ದಿನ ಬಿಟ್ಟು ಒಂದು ದಿನ ನೀರು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸುಮಾರು 80 ಲೀಟರಿನ ತೊಟ್ಟಿ, ಒಂದೇ ಪ್ರಾಣಿ. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರನ್ನು ತಿಂದು ಮುಗಿಸುತ್ತಾರೆ. ಅಡಗಲು ಪಿವಿಸಿ ಪೈಪಿನ ತುಂಡು. ತಿನ್ನಲು ಬೇಯಿಸಿದ ಬಟಾಣಿ, ಒಣಗಿದ ಬಾದಾಮಿ ಮರದ ಎಲೆ, ಮುಳುಗುವ ಗುಳಿಗೆ. ಬೋರ್‌ವೆಲ್ಲಿನ ಗಡಸು ನೀರು ನಮಗೆ ಶಾಪ, ಇದಕ್ಕೆ ವರ. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕಲ್ಲ. ಪೊರೆ ಕಳಚಿದ ದಿನ "ಅಪ್ಪಾ, ಸತ್ತೋಯ್ತು" ಅಂತ ಮಗಳು ಅತ್ತೇ ಬಿಟ್ಟಳು. ನೋಡಿದರೆ ಸತ್ತಂತಿದ್ದದ್ದು ಖಾಲಿ ಚಿಪ್ಪು, ಮಾಲೀಕರು ಪೈಪಿನೊಳಗೆ :-) ಆ ಚಿಪ್ಪನ್ನು ತೆಗೆಯಬಾರದು, ಅದನ್ನೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತದೆ.

ಈಗ ಅಮ್ಮನ ಮಾತಿಗೆ ಬರ್ತೀನಿ. ಜಗತ್ತಿನಲ್ಲಿ 650ಕ್ಕೂ ಹೆಚ್ಚು ಜಾತಿಯ ಕ್ರೇಫಿಶ್ ಇವೆ. ಹೆಚ್ಚಿನವು ಅಮೆರಿಕದ ಆಗ್ನೇಯ ಭಾಗ ಮತ್ತು ಆಸ್ಟ್ರೇಲಿಯಾದವು. ಮಡಗಾಸ್ಕರ್‌ನಲ್ಲೂ ಇವೆ. ಭಾರತದ ನೆಲದಲ್ಲಿ ಹುಟ್ಟಿದ ಜಾತಿ ಒಂದೂ ಇಲ್ಲ! ಗದ್ದೆ ಬದುವಿನ ಏಡಿ ನಮ್ಮದು. ಇದು ಪರದೇಶಿ.

ಪರದೇಶಿಯಾದರೆ ಏನೀಗ ಅಂತೀರಾ? ಅಮೆರಿಕದ ಕ್ರೇಫಿಶ್‌ಗಳ ಮೈಮೇಲೆ ಬರುವ ಒಂದು ಬೂಷ್ಟಿನಂಥ ರೋಗ 1860ರ ಸುಮಾರಿಗೆ ಇಟಲಿಯಲ್ಲಿ ಕಾಣಿಸಿಕೊಂಡು ಯುರೋಪಿನ ಸ್ಥಳೀಯ ಜಾತಿಗಳನ್ನು ನದಿ ನದಿಯಲ್ಲಿ ಬರಿದು ಮಾಡಿತು. ಕೀನ್ಯಾದ ನೈವಾಶಾ ಸರೋವರಕ್ಕೆ 1970ರಲ್ಲಿ ಅಮೆರಿಕದ ಕೆಂಪು ಕ್ರೇಫಿಶ್ ಬಿಟ್ಟರು, ಅದು ಅಲ್ಲಿನ ನೀರುಗಿಡಗಳನ್ನು ಮೇಯ್ದು ಹಾಕಿತು. ಅದೇ ಜಾತಿಯನ್ನು 1970ರ ದಶಕದಲ್ಲಿ ಸ್ಪೇನಿಗೂ ತಂದರು. ಅಲ್ಲಿ ಭತ್ತದ ಗದ್ದೆಗೆ ನುಗ್ಗಿ ಎಳೆ ಪೈರು ತಿಂದು, ಬದು ಕೊರೆದು ನೀರು ಸೋರಿಸಿತು. ಬದು ಸೋರಿದರೆ ಏನಾಗುತ್ತೆ ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಬೇಕೆಂದೇ ಬಿಟ್ಟವು ಅಥವಾ ತಿನ್ನಲು ತಂದವು. ನನ್ನ ನಿದ್ದೆ ಕೆಡಿಸಿದ್ದು ಜರ್ಮನಿಯ ಕಥೆ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಹವ್ಯಾಸಿಗಳ ತೊಟ್ಟಿಗಳಲ್ಲಿ ಯಾವ ಜಾತಿ ಅಂತ ಯಾರಿಗೂ ಗೊತ್ತಿಲ್ಲದ, ಅಮೃತಶಿಲೆಯಂಥ ಮಚ್ಚೆಯ ಒಂದು ಕ್ರೇಫಿಶ್ ಕಾಣಿಸಿತು. ಎಲ್ಲವೂ ಹೆಣ್ಣು. ಗಂಡಿಲ್ಲದೆ ಮೊಟ್ಟೆ, ಮರಿಗಳೆಲ್ಲ ತಾಯಿಯ ನಕಲು. 2003ರಲ್ಲಿ ವಿಜ್ಞಾನಿಗಳು ಇದನ್ನು ಖಚಿತಪಡಿಸಿದರು. ಮರಿ ಹೆಚ್ಚಾದಾಗ ಜನ ಹೊರಗೆ ಸುರಿದರು. ಇವತ್ತು ಅದು ಯುರೋಪಿನ ಕೆರೆಗಳಲ್ಲಷ್ಟೇ ಅಲ್ಲ, ಮಡಗಾಸ್ಕರ್‌ನ ಭತ್ತದ ಗದ್ದೆಗಳಲ್ಲೂ ಇದೆ. ಒಂದೇ ಒಂದು ಸಾಕು!

ನಮ್ಮಲ್ಲೂ ಪಾಠ ಕಡಿಮೆ ಇಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಗಂಬೂಸಿಯಾ ಮೀನು ಭಾರತಕ್ಕೆ ಬಂತು. 1952ರಲ್ಲಿ ತಿಲಾಪಿಯಾ, ಅದೇ ನಮ್ಮ ಜಿಲೇಬಿ ಮೀನು, ಬಂತು. ಈಗ ಅದು ಊರ ಮೀನೇ ಅನ್ನುವಷ್ಟು ಹಳತಾಗಿದೆ. ಕಾವೇರಿಗೆ ಬೇರೆ ನದಿಗಳ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಬಿಟ್ಟರು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಹೋದ ತಿಂಗಳು ಒಂದು ರಾತ್ರಿ ತೊಟ್ಟಿ ಖಾಲಿ. ಗಾಳಿಯ ಪೈಪು ಹೋಗಲು ಮುಚ್ಚಳದಲ್ಲಿ ಬಿಟ್ಟಿದ್ದ ಸಂದಿಯಲ್ಲೇ ಪೈಪು ಹಿಡಿದು ಹತ್ತಿ ಇಳಿದಿತ್ತು. ಟಾರ್ಚ್ ಹಿಡಿದು ಮನೆಯೆಲ್ಲ ಹುಡುಕಿದೆವು. ಸಿಕ್ಕಿದ್ದು ಬಚ್ಚಲ ಮೋರಿಯಿಂದ ಎರಡು ಗೇಣು ದೂರದಲ್ಲಿ, ಧೂಳು ಮೆತ್ತಿಕೊಂಡು. ಮೋರಿಯ ನೀರು ಕಾಲುವೆಗೆ, ಕಾಲುವೆ ಕೆರೆಗೆ, ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ...

ಬೆಳಿಗ್ಗೆ ಅಮ್ಮ, "ಪಾಪ, ಇರಕ್ಕಾಗ್ದೆ ಈಚೆ ಬಂದದೆ. ಕೆರೆಗೆ ಬಿಟ್ಬುಡು, ಪುಣ್ಯ ಬತ್ತದೆ" ಅಂದರು. ಜೀವ ಬಿಡಿಸುವುದು ಪುಣ್ಯ ಅಂತ ನಂಬಿ ಬಂದವರು ಅವರು, ಸುಳ್ಳು ಅನ್ನಲು ನನಗೆ ಬಾಯಿ ಬರಲಿಲ್ಲ. ಸ್ಪೇನಿನ ಗದ್ದೆ ಬದುವಿನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅಂಗಾರೆ ನೀನೇ ಸಾಯೋಗಂಟ ನೋಡ್ಕೊ" ಅಂದು ಒಳಗೆ ಹೋದರು. ಮಧ್ಯಾಹ್ನ ನೋಡಿದರೆ ಮುಚ್ಚಳದ ಮೇಲೆ ಒಂದು ಗುಂಡುಕಲ್ಲು, ಹಿತ್ತಲಿನದು. ಅಮ್ಮನೇ ಇಟ್ಟದ್ದು.

ತೊಟ್ಟಿ ಇಡೋ ಆಸೆ ಇದ್ದವರಿಗೆ ನನ್ನ ಮಾತು ಇಷ್ಟೇ: ಮೊದಲು ಮುಚ್ಚಳ ಮಾಡಿಸಿ, ಆಮೇಲೆ ಮಿಕ್ಕಿದ್ದು. ಸಾಕಲು ಆಗದಿದ್ದರೆ ಸಾಕುವ ಇನ್ನೊಬ್ಬರಿಗೆ ಕೊಡಿ, ನೀರಿಗೆ ಬಿಡಬೇಡಿ. ಅಂದ ಹಾಗೆ, ನಿಮ್ಮ ಮನೆಯ ತೊಟ್ಟಿಯಲ್ಲಿರೋದು ಯಾವ ಊರಿನದು ಅಂತ ನಿಮಗೆ ಗೊತ್ತಾ?